ಹಳದಿ ಅಕ್ಷರದ ಡಬ್ಬಿ

ಅಮೆರಿಕ ಸೇನೆಯ ಎಂ2ಎ1 ಮದ್ದುಗುಂಡಿನ ಡಬ್ಬಿ ನೋಡಲು ಬರೀ ಆಲಿವ್ ಹಸಿರಿನ ಉಕ್ಕು. ಅದರ ಸೊಗಸೆಲ್ಲ ಪಕ್ಕದಲ್ಲಿ ಹಳದಿ ಬಣ್ಣದಿಂದ ಅಚ್ಚೊತ್ತಿದ ಕೆಲವು ಸಾಲುಗಳಲ್ಲಿದೆ: ಎಷ್ಟು ಗುಂಡು, ಯಾವ ಅಳತೆ, ಯಾವ ಬಗೆ, ಯಾವ ಲಾಟ್ (ಅಂದರೆ ಒಟ್ಟಿಗೆ ತಯಾರಾದ ಯಾವ ಕಂತು). ನನಗೆ ಹಿಡಿಸಿದ್ದು ಈ ಲಾಟ್ ಸಂಖ್ಯೆಯೇ. ಒಂದು ಲಾಟಿನಲ್ಲಿ ದೋಷ ಕಂಡರೆ, ಅದು ಎಲ್ಲೆಲ್ಲಿ ಹಂಚಿಹೋಗಿದ್ದರೂ ಅಷ್ಟನ್ನೇ ಹೆಕ್ಕಿ ತಡೆಹಿಡಿಯಬಹುದು. ಸಂಖ್ಯೆ ಅಳಿಸಿಹೋಗಿದ್ದರೋ, ಒಳಗಿನ ಒಳ್ಳೆಯ ಗುಂಡಿನ ಮೇಲೂ ಅನುಮಾನ!

ಇಂಥ ಮದ್ದುಗುಂಡು ಇಡುವ ಗೋದಾಮಿನ ಹೊರಗೂ ಗುರುತುಗಳಿವೆ: ಅಂಕಿ ಬರೆದ ಕಿತ್ತಳೆ ಫಲಕಗಳು. ಎಂಟು ಮೂಲೆಯದಾದರೆ ಒಳಗಿನದು ಒಟ್ಟಿಗೇ ಸಿಡಿಯುವ ಸರಕು. ವಜ್ರಾಕಾರದ್ದಾದರೆ ಅಪಾಯ ಕಡಿಮೆ. ಬೆಂಕಿ ಆರಿಸಲು ಬಂದವರಿಗೆ ಹೊಗೆಯ ನಡುವೆ ಅಂಕಿ ಓದಲಾಗದಿದ್ದರೂ ಆಕಾರ ಕಂಡರೆ ಸಾಕು. ಎಂಥ ಜಾಣತನ!

ಖಾಲಿ ಡಬ್ಬಿ ಕೊಂಡು ಸ್ಪ್ಯಾನರ್ ತುಂಬಿಡುವವರೇ, ಮೊದಲು ಡಬ್ಬಿಯ ಮೇಲಿನ ಆ ಹಳೆಯ ಬರಹ ಮುಚ್ಚುವಂತೆ ಬಣ್ಣ ಬಳಿಯಿರಿ; ಇಲ್ಲದಿದ್ದರೆ ಒಳಗೆ ಇನ್ನೂ ಗುಂಡಿದೆ ಎಂದೇ ಅದು ಹೇಳುತ್ತಿರುತ್ತದೆ.