ಗುರ್ ಎನ್ನುವ ನಾಯಿಯ ಬಾಯಿ ಮುಚ್ಚಿಸಬೇಡಿ

ಈ ವಾರ ಗೇಟಿನ ಬೊಗಳಾಟದ ಬಗ್ಗೆ ಬರೆಯುತ್ತೇನೆಂದು ಹೋದ ವಾರ ಮಾತು ಕೊಟ್ಟಿದ್ದೆ. ಆ ವಿಷಯಕ್ಕೆ ಕೊನ್ರಾಡ್ ಲೊರೆಂಜ್‌ನನ್ನು ಬಿಟ್ಟು ಬೇರೆಲ್ಲಿಂದಲೋ ಹೊರಡಲು ನನಗೆ ಮನಸ್ಸು ಬಾರದು. ಆಸ್ಟ್ರಿಯಾದ ಈ ಪ್ರಾಣಿವಿಜ್ಞಾನಿ ನಾಯಿಗಳ ಬಗ್ಗೆ ಬರೆದ ‘ಮ್ಯಾನ್ ಮೀಟ್ಸ್ ಡಾಗ್’ ಪುಸ್ತಕದಲ್ಲಿ ಒಂದು ಬೇಲಿಯ ಪ್ರಸಂಗವಿದೆ. ಅವನ ಬಳಿ ಬುಲ್ಲಿ ಎಂಬ ಮುದಿ ಫ್ರೆಂಚ್ ಬುಲ್‌ಡಾಗ್ ಇತ್ತು. ಅದು ಓಡಾಡುವ ದಾರಿಯಲ್ಲಿ ಒಂದು ತೋಟ, ತೋಟದೊಳಗೆ ಒಂದು ಬಿಳಿ ಸ್ಪಿಟ್ಸ್. ಬುಲ್ಲಿ ಆಚೆ, ಸ್ಪಿಟ್ಸ್ ಈಚೆ, ನಡುವೆ ಉದ್ದಕ್ಕೂ ಬೇಲಿ. ಎರಡೂ ಆ ಬೇಲಿಗುಂಟ ಸಮಸಮಕ್ಕೆ ಓಡುತ್ತ, ಇನ್ನೇನು ಒಂದನ್ನೊಂದು ಹರಿದು ಹಾಕುತ್ತವೇನೋ ಎಂಬಂತೆ ಬೊಗಳುತ್ತಿದ್ದವು. ಒಮ್ಮೆ ರಿಪೇರಿಗೆಂದು ಬೇಲಿಯ ಒಂದು ಭಾಗವನ್ನು ಕಿತ್ತಿದ್ದರು. ನಾಯಿಗಳಿಗೆ ಅದು ಗೊತ್ತಿಲ್ಲ. ಎಂದಿನ ಆವೇಶದಲ್ಲೇ ಓಡಿ ಬಂದು ಬೇಲಿ ಮುಗಿದ ಜಾಗದಲ್ಲಿ ಮುಖಾಮುಖಿ ನಿಂತವು. ನಡುವೆ ಒಂದು ಕಡ್ಡಿಯೂ ಇಲ್ಲ. ಬೆನ್ನಿನ ಕೂದಲು ನಿಮಿರಿ ಕ್ಷಣಕಾಲ ಹಾಗೇ ನಿಂತವು. ಆಮೇಲೆ ಎರಡೂ ಒಟ್ಟಿಗೇ ತಿರುಗಿ, ಬೇಲಿ ಇನ್ನೂ ಉಳಿದಿದ್ದ ಕಡೆಗೆ ಓಡಿಹೋಗಿ, ಅಲ್ಲಿ ನಿಂತು ಮತ್ತೆ ಬೊಗಳಾಟ ಶುರುಮಾಡಿದವು.

ಎರಡಕ್ಕೂ ಜಗಳ ಬೇಕಿರಲಿಲ್ಲ. ಅಷ್ಟೆಲ್ಲ ಆರ್ಭಟ, ಹಲ್ಲು ತೋರಿಸುವುದು, ಗುರುಗುಟ್ಟುವುದು ನಡೆದಿದ್ದು ಕಚ್ಚಾಟಕ್ಕೆ ಹೋಗದಿರುವುದಕ್ಕೆ. ಇಷ್ಟು ಬರೆಯುವಷ್ಟರಲ್ಲಿ ಈ ವಾರವೇ ಕಂಡುಬಂದ ಒಂದು ಮುಧೋಳ ನಾಯಿ ನೆನಪಾಯಿತು. ಗೇಟಿನ ವಿಚಾರ ಇನ್ನೊಂದು ವಾರ ಕಾಯಬಹುದು, ಇದು ಕಾಯುವಂಥದ್ದಲ್ಲ.

ಬೆಂಗಳೂರಿನ ಒಂದು ಅಪಾರ್ಟ್‌ಮೆಂಟು. ಎರಡು ವರ್ಷದ ಗಂಡು ನಾಯಿ, ಮನೆಯಲ್ಲಿ ಐದು ವರ್ಷದ ಮಗು. “ಸರ್, ಊಟದ ತಟ್ಟೆ ಹತ್ರ ಹೋದರೆ ಗುರ್ ಅಂತಿತ್ತು. ಪೊಗರು ಜಾಸ್ತಿ ಆಗಿದೆ, ನೀವೇ ಯಜಮಾನರು ಅಂತ ತೋರಿಸಬೇಕು ಅಂದ್ರು ಟ್ರೇನರ್” ಎಂದು ಮನೆಯವರು ಹೇಳಿದರು. ತೋರಿಸುವ ಬಗೆಯನ್ನೂ ಆತ ಹೇಳಿಕೊಟ್ಟಿದ್ದ: ತಿನ್ನುವಾಗ ತಟ್ಟೆಗೆ ಕೈ ಹಾಕಿ, ತಟ್ಟೆಯನ್ನೇ ಕಿತ್ತುಕೊಳ್ಳಿ, ಗುರ್ ಎಂದರೆ ಅಂಗಾತ ಕೆಡವಿ ಕುತ್ತಿಗೆ ಒತ್ತಿ ಹಿಡಿಯಿರಿ. ಕೆಲವು ದಿನ ಹಾಗೆ ಮಾಡಿದ ಮೇಲೆ ಗುರುಗುಟ್ಟುವುದು ನಿಂತಿತು. ಎಲ್ಲರಿಗೂ ಸಮಾಧಾನವಾಯಿತು. ಆಮೇಲೊಂದು ಸಂಜೆ, ಯಾವ ಸದ್ದೂ ಇಲ್ಲದೆ, ತಂದೆಯ ಕೈಗೆ ಹಲ್ಲು ಬಿತ್ತು. ಮೇಲುಗೀರೇ ಆಗಿದ್ದರೂ ಅವರು ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ನಾಯಿಗೆ ಲಸಿಕೆ ಆಗಿದೆಯೆಂದು ಸುಮ್ಮನಾಗದೆ ಆಸ್ಪತ್ರೆಗೆ ಹೋಗಿ ಬಂದಿದ್ದರು. ಮಾಡಬೇಕಾದ್ದೇ ಅದು.

ನಾನು ಹೋದಾಗ ನಾಯಿ ಅನ್ನ, ಕೋಳಿ ತಿನ್ನುತ್ತಿತ್ತು. ಯಜಮಾನರಿಗೆ ದೂರದಿಂದ ಎರಡೇ ಹೆಜ್ಜೆ ಮುಂದಿಡಲು ಹೇಳಿ ನಾನು ಒಂದು ಪಕ್ಕಕ್ಕೆ ಸರಿದು ನಿಂತೆ. ಮೊದಲ ಹೆಜ್ಜೆಗೆ ನಾಯಿ ಗಬಗಬ ತಿನ್ನತೊಡಗಿತು. ಎರಡನೆಯದಕ್ಕೆ ಅಗಿಯುವುದು ನಿಂತಿತು. ತಲೆ ತಟ್ಟೆಯೊಳಗೇ ಇದೆ, ಕುತ್ತಿಗೆ ಮರಗಟ್ಟಿದೆ, ಕಣ್ಣು ಮಾತ್ರ ಪಕ್ಕಕ್ಕೆ ಹೊರಳಿ ಬಿಳಿ ಭಾಗ ಅರ್ಧಚಂದ್ರದ ಹಾಗೆ ಕಾಣುತ್ತಿದೆ. ಬಾಯಿಯ ಅಂಚು ಮುಂದಕ್ಕೆ ಸೆಳೆದುಕೊಂಡಿದೆ. ಬಾಲ ಅಲ್ಲಾಡದು. ಸದ್ದು ಮಾತ್ರ ಇಲ್ಲ. ಅವರನ್ನು ಅಲ್ಲಿಗೇ ತಡೆದು ಹಿಂದಕ್ಕೆ ಕಳಿಸಿದೆ. ನೋಡಿ, ಆ ಟ್ರೇನರ್ ತೆಗೆದುಹಾಕಿದ್ದು ನಾಯಿಯ ಭಯವನ್ನಲ್ಲ, ಭಯವನ್ನು ತಿಳಿಸುವ ದನಿಯನ್ನು. ತಟ್ಟೆ ಕಳೆದುಕೊಳ್ಳುವ ಅಂಜಿಕೆ ಮೊದಲಿದ್ದುದಕ್ಕಿಂತ ಈಗ ಹೆಚ್ಚಾಗಿದೆ, ಏಕೆಂದರೆ ತಟ್ಟೆಯನ್ನು ನಿಜವಾಗಿಯೂ ಕಿತ್ತುಕೊಂಡಿದ್ದಾರೆ. ಹೇಳಿಕೊಳ್ಳುವ ದಾರಿಯೊಂದು ಮುಚ್ಚಿದೆ, ಅಷ್ಟೇ. ಗುರ್ ಎನ್ನುವ ನಾಯಿಯೊಡನೆ ಮಕ್ಕಳಿರುವ ಮನೆ ಬದುಕಬಹುದು. ಗುರ್ ಎನ್ನುವುದನ್ನು ಬಿಟ್ಟ ನಾಯಿಯೊಡನೆ ಬದುಕುವುದು ಬಹಳ ಕಷ್ಟ.

ನಾಯಿಗೆ ನಾವೇ ಯಜಮಾನರೆಂದು ತೋರಿಸಬೇಕೆನ್ನುವ ಈ ‘ಆಲ್ಫಾ’ ಪಂಥದ ವಿರುದ್ಧ ಈ ಅಂಕಣದಲ್ಲಿ ಹಿಂದೆಯೂ ಬರೆದಿದ್ದೇನೆ, ಅದು ಊರು ಬಿಡುವ ತನಕ ಬರೆಯುತ್ತಲೇ ಇರುತ್ತೇನೆ. ಅದರ ಬೇರು ಹುಡುಕಿದರೆ ಸಿಗುವುದು 1947ರಲ್ಲಿ ರುಡಾಲ್ಫ್ ಶೆಂಕೆಲ್ ಪ್ರಕಟಿಸಿದ ತೋಳಗಳ ಅಧ್ಯಯನ. ಆತ ನೋಡಿದ್ದು ಸ್ವಿಟ್ಜರ್ಲೆಂಡಿನ ಬಾಸೆಲ್ ಮೃಗಾಲಯದಲ್ಲಿ ಕೂಡಿಹಾಕಿದ್ದ ತೋಳಗಳನ್ನು. ಓಡಿಹೋಗಲು ಜಾಗವಿಲ್ಲದ ಕಡೆ ಮೇಲು ಕೀಳಿನ ಕಾದಾಟ ನಡೆದರೆ ಆಶ್ಚರ್ಯವೇನಿಲ್ಲ. ಅಮೆರಿಕದ ಡೇವಿಡ್ ಮೀಚ್ 1970ರ ತನ್ನ ‘ದಿ ವುಲ್ಫ್’ ಪುಸ್ತಕದಲ್ಲಿ ‘ಆಲ್ಫಾ’ ಎಂಬ ಆ ಮಾತನ್ನು ಜಗತ್ತಿಗೆಲ್ಲ ಹರಡಿದ. ಆಮೇಲೆ ಕೆನಡಾದ ಎಲ್ಸ್‌ಮಿಯರ್ ದ್ವೀಪದಲ್ಲಿ ಬೇಸಿಗೆಯಿಂದ ಬೇಸಿಗೆಗೆ ಹೋಗಿ ಕಾಡು ತೋಳಗಳ ನಡುವೆಯೇ ಕೂತು ನೋಡಿದ. ಅಲ್ಲಿನ ಗುಂಪು ಎಂದರೆ ಒಂದು ತಂದೆ, ಒಂದು ತಾಯಿ, ಅವರ ಮಕ್ಕಳು. ಪಟ್ಟಕ್ಕಾಗಿ ಯುದ್ಧ ನಡೆಯುವ ಸಂಸಾರವಲ್ಲ ಅದು. 1999ರಲ್ಲಿ ಮೀಚ್ ಅದನ್ನು ಬರೆದು, ‘ಆಲ್ಫಾ’ ಎಂಬ ಹಣೆಪಟ್ಟಿಯನ್ನು ಬಿಡಬೇಕೆಂದ. ನಾಯಿಯನ್ನು ಅಂಗಾತ ಕೆಡವುವ ವಿದ್ಯೆಯನ್ನು ಮನೆಮನೆಗೆ ತಲುಪಿಸಿದ್ದು ನ್ಯೂಯಾರ್ಕ್ ರಾಜ್ಯದ ನ್ಯೂ ಸ್ಕೀಟ್ ಮಠದ ಸನ್ಯಾಸಿಗಳು 1978ರಲ್ಲಿ ಬರೆದ ಕೈಪಿಡಿ. 2002ರ ಪರಿಷ್ಕೃತ ಆವೃತ್ತಿಯಲ್ಲಿ ಅವರೂ ಆ ಸಲಹೆಯನ್ನು ಕೈಬಿಟ್ಟರು. ಲೊರೆಂಜ್ ಕೂಡ ಬಹುಪಾಲು ನಾಯಿಗಳು ನರಿಯ ಸಂತತಿಯೆಂಬ ತನ್ನ ವಾದವನ್ನು ಆಮೇಲೆ ಹಿಂತೆಗೆದುಕೊಂಡವನೇ. ಇಂಥ ಜನರ ಮೇಲೆ ನನಗೆ ಬಹಳ ಗೌರವ. ಹೇಳಿದವರೇ ಕೈಬಿಟ್ಟದ್ದನ್ನು ನಮ್ಮ ನಗರಗಳಲ್ಲಿ ಇವತ್ತಿಗೂ ತಿಂಗಳ ಫೀಸು ತೆಗೆದುಕೊಂಡು ಕಲಿಸುತ್ತಿದ್ದಾರೆ ಎಂಬುದೇ ನನ್ನ ಸಿಟ್ಟು.

ಆ ವಿದ್ಯೆಯ ಫಲವನ್ನು ಎಣಿಸಿಯೂ ನೋಡಿದ್ದಾರೆ. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಪಶುವೈದ್ಯರು ತಮ್ಮಲ್ಲಿಗೆ ನಡವಳಿಕೆಯ ತೊಂದರೆಗೆಂದು ನಾಯಿ ಕರೆತಂದವರನ್ನು ಕೇಳಿ 2009ರಲ್ಲಿ ಪ್ರಕಟಿಸಿದ ಸಮೀಕ್ಷೆಯದು. ಹೊಡೆದು ಒದ್ದು ನೋಡಿದವರಲ್ಲಿ ಶೇ. 43 ಮಂದಿಗೆ ನಾಯಿ ತಿರುಗಿಬಿದ್ದಿತ್ತು. ಅಂಗಾತ ಕೆಡವಿದವರಲ್ಲಿ ಶೇ. 31, ದುರುಗುಟ್ಟಿ ನೋಡಿದವರಲ್ಲೇ ಶೇ. 30. ಕಣ್ಣಲ್ಲಿ ಕಣ್ಣಿಟ್ಟು ಹೆದರಿಸುವುದೂ ಅಪಾಯವೇ ಎಂದಾಯಿತು.

ಮತ್ತೆ ಆ ಮುಧೋಳದ ವಿಷಯಕ್ಕೆ ಬಂದರೆ, ಟ್ರೇನರ್ ನಾಯಿಯ ಬಾಯಿ ತೆರೆದು ನೋಡಿರಲಿಲ್ಲ. ನಾನು ಮನೆಯವರನ್ನು ಮೊದಲು ಪಶುವೈದ್ಯರ ಹತ್ತಿರ ಕಳಿಸಿದೆ. ಮೇಲಿನ ದವಡೆಯ ದೊಡ್ಡ ಹಲ್ಲೊಂದು ಉದ್ದಕ್ಕೆ ಸೀಳಿತ್ತು. ಮಟನ್ ಮೂಳೆ ಕಡಿದು ಆಗಿರಬಹುದು ಎಂದರಂತೆ ಡಾಕ್ಟರು. ತಿನ್ನುವಾಗಲೆಲ್ಲ ನೋಯುವ ಹಲ್ಲು, ಅದೇ ಹೊತ್ತಿಗೆ ತಟ್ಟೆಯತ್ತ ಬರುವ ಕೈ. ನಡವಳಿಕೆ ಕೆಟ್ಟಿದೆಯೆಂದು ತಜ್ಞರ ಬಳಿಗೆ ಬರುವ ನಾಯಿಗಳಲ್ಲಿ ಕಡಿಮೆಯೆಂದರೂ ಮೂರರಲ್ಲಿ ಒಂದಕ್ಕೆ ಎಲ್ಲೋ ನೋವಿರುತ್ತದೆಂದು ಇಂಗ್ಲೆಂಡಿನ ಲಿಂಕನ್ ವಿಶ್ವವಿದ್ಯಾಲಯದ ಡೇನಿಯಲ್ ಮಿಲ್ಸ್ ಮತ್ತು ಜೊತೆಗಾರರು 2020ರಲ್ಲಿ ಬರೆದಿದ್ದಾರೆ. ಸೊಂಟ, ಕಿವಿ, ಹಲ್ಲು ಯಾವುದಾದರೂ ಆದೀತು. ನಮ್ಮಲ್ಲಿ ಟಿಕ್ ಫೀವರ್ ಬೇರೆ ಇದೆ. ಮೈಕೈ ನೋವಿನ ನಾಯಿಗೆ ಮುಟ್ಟಿದರೆ ಸಿಡಿಮಿಡಿ ಆಗದಿರುತ್ತದೆಯೇ? ಇದ್ದಕ್ಕಿದ್ದಂತೆ ಬದಲಾದ ನಾಯಿಗೆ ಮೊದಲು ರಕ್ತಪರೀಕ್ಷೆ, ಆಮೇಲೆ ಪಾಠ.

ಪಾಠ ಬಹಳ ಸರಳ, ಆದರೆ ತಾಳ್ಮೆ ಬೇಡುವಂಥದ್ದು. ತಟ್ಟೆಗೆ ಬರೀ ಅನ್ನ ಹಾಕಿ. ನಾಯಿ ಆರಾಮವಾಗಿ ಅಗಿಯುತ್ತಲೇ ಇರುವಷ್ಟು ದೂರದಲ್ಲಿ, ಎಂಟಡಿಯೋ ಹತ್ತಡಿಯೋ, ಸುಮ್ಮನೆ ಹಾದುಹೋಗಿ. ಹೋಗುತ್ತಾ ಒಂದು ತುಂಡು ಬೇಯಿಸಿದ ಕೋಳಿಯನ್ನು ತಟ್ಟೆಯತ್ತ ಎಸೆಯಿರಿ. ನಿಲ್ಲಬೇಡಿ, ಮಾತಾಡಿಸಬೇಡಿ. ಹತ್ತಿರ ಬರುವವರು ತಟ್ಟೆಯಿಂದ ತೆಗೆಯುವವರಲ್ಲ, ತಟ್ಟೆಗೆ ಹಾಕುವವರು ಎಂಬುದು ನಾಯಿಯ ಮನಸ್ಸಿಗೆ ಇಳಿಯಬೇಕು. ನಿಮ್ಮನ್ನು ಕಂಡು ಅದು ತಲೆಯೆತ್ತಿ ಬಾಲ ಸಡಿಲಿಸಿ ಕಾಯತೊಡಗಿದ ಮೇಲೆ ಅರ್ಧ ಅಡಿ ಹತ್ತಿರ. ಕುತ್ತಿಗೆ ಗಡುಸಾಯಿತೆಂದರೆ ನೀವು ಅವಸರ ಮಾಡಿದ್ದೀರಿ, ಎರಡಡಿ ಹಿಂದೆ ಹೋಗಿ. ಗುರ್ ಎಂದರೆ ಗದರಬೇಡಿ, ಹಿಂದೆ ಸರಿಯಿರಿ. ‘ಸೋತಂತಾಗುವುದಿಲ್ಲವೇ’ ಎಂದು ಕೇಳುವವರಿಗೆ ನಾನು ಹೇಳುವುದಿಷ್ಟೇ: ನಾಯಿ ನಿಮ್ಮೊಡನೆ ಪಂದ್ಯಕ್ಕೆ ನಿಂತಿಲ್ಲ, ಅದಕ್ಕೆ ಊಟ ಮುಗಿಸಬೇಕಿದೆ.

ಇದರ ಜೊತೆಗೆ ನನ್ನ ಹಳೆಯ ಹಟವೊಂದನ್ನು ಹೇಳದೆ ಬಿಡಲಾರೆ. 2005ರಲ್ಲಿ ಅಂಚೆಚೀಟಿಯ ಮೇಲೆ ಬಂದ, 2020ರಲ್ಲಿ ಪ್ರಧಾನಿ ‘ಮನ್ ಕಿ ಬಾತ್’ನಲ್ಲಿ ಹೆಸರೆತ್ತಿದ ಮುಧೋಳ ತಳಿಯ ಬಗ್ಗೆ ಕನ್ನಡಿಗರಿಗೆಲ್ಲ ಹೆಮ್ಮೆ. ತಿಮ್ಮಾಪುರದ ಸಂಶೋಧನಾ ಕೇಂದ್ರ ಅದನ್ನು ಜೋಪಾನ ಮಾಡುತ್ತಿರುವುದೂ ಒಳ್ಳೆಯದೇ. ಆದರೆ ಬಾಗಲಕೋಟೆ ಸೀಮೆಯ ಬಯಲಿನಲ್ಲಿ ಮೊಲದ ಹಿಂದೆ ಓಡಲೆಂದು ಬೆಳೆದ ನಾಯಿ ಅದು. ದೂರದಲ್ಲಿ ಅಲುಗಿದ್ದು ಅದರ ಕಣ್ಣಿಗೆ ಮೊದಲು ಬೀಳುತ್ತದೆ, ಅಪರಿಚಿತರು ಮೈಮುಟ್ಟಿದರೆ ಅದಕ್ಕೆ ಸರಿಬರುವುದಿಲ್ಲ. ಮರಿ ಜನರಿಗೆ, ಸದ್ದಿಗೆ, ಹೊಸ ಜಾಗಕ್ಕೆ ಒಗ್ಗಿಕೊಳ್ಳುವ ಕಾಲ ಮೂರನೆಯ ವಾರದಿಂದ ಹನ್ನೆರಡು-ಹದಿನಾಲ್ಕನೆಯ ವಾರದವರೆಗೆ. ನಾಯಿಗಳ ನಡವಳಿಕೆಯನ್ನು ಅಧ್ಯಯನ ಮಾಡಿದ ಸ್ಕಾಟ್ ಮತ್ತು ಫುಲ್ಲರ್ ತಮ್ಮ 1965ರ ಗ್ರಂಥದಲ್ಲಿ ವಿವರಿಸಿದ ಕಾಲ ಹೆಚ್ಚುಕಡಿಮೆ ಅದೇ. 45 ದಿನದ ಮರಿ ತಂದು, ಎಲ್ಲ ಲಸಿಕೆ ಮುಗಿಯುವ ತನಕ ಬಾಲ್ಕನಿಯಲ್ಲೇ ಇಟ್ಟರೆ ಆ ಕಾಲ ಬಾಲ್ಕನಿಯಲ್ಲೇ ಕಳೆದುಹೋಗುತ್ತದೆ. ಎತ್ತಿಕೊಂಡಾದರೂ ಬೀದಿ ತೋರಿಸಿ. ಬೆಳೆದ ಮೇಲೆ ದಿನಕ್ಕೊಮ್ಮೆ ಬಯಲು ತೋರಿಸಿ. ಅದಾಗದವರು ಬೇರೆ ತಳಿ ನೋಡಿಕೊಳ್ಳುವುದು ಮುಧೋಳಕ್ಕೆ ಮಾಡುವ ಉಪಕಾರ.

ಮನೆಯವರು ಕೊನೆಗೆ ಕೇಳಿದ್ದು, “ತೋಟದ ಮನೆಗೆ ಕಳಿಸಿಬಿಡೋಣವಾ ಸರ್?” ಬೇಡವೆಂದೆ. ತೋಟದಲ್ಲೂ ತಟ್ಟೆ ಇರುತ್ತದೆ, ಕೈಗಳಿರುತ್ತವೆ, ಇಲ್ಲಿ ಏನಾಯಿತೆಂದು ಅಲ್ಲಿನವರಿಗೆ ಗೊತ್ತಿರುವುದಿಲ್ಲ. ಹಲ್ಲು ಕಿತ್ತಾಗಿದೆ. ಊಟ ಈಗ ಅಡುಗೆಮನೆಯಲ್ಲಿ, ಬಾಗಿಲು ಹಾಕಿಕೊಂಡು. ಕೋಳಿ ಎಸೆಯುವ ಕೆಲಸ ದೊಡ್ಡವರದು ಮಾತ್ರ. ಬಾಯಿಕುಕ್ಕೆಯನ್ನೂ ತಂದಿದ್ದಾರೆ, ನಾಯಿ ತಾನಾಗಿ ಅದರೊಳಗೆ ಮೂತಿಯಿಟ್ಟು ಮೊಸರು ನೆಕ್ಕುವಂತೆ ನಿಧಾನಕ್ಕೆ ರೂಢಿ ಮಾಡಿಸುತ್ತಿದ್ದಾರೆ. ನೆಂಟರು ಬಂದ ದಿನಕ್ಕೆ ಬೇಕಾಗುತ್ತದೆ. ಮಗುವಿಗೆ ಊಟದ ಹೊತ್ತಿನಲ್ಲಿ ಅಡುಗೆಮನೆಗೆ ಪ್ರವೇಶವಿಲ್ಲ. ನಾಯಿ ಎಷ್ಟೇ ಸುಧಾರಿಸಿದರೂ ಈ ನಿಯಮವನ್ನು ಸಡಿಲಿಸಬೇಡಿ ಎಂದು ಹೇಳಿ ಬಂದಿದ್ದೇನೆ.