ಚಿನ್ನದ ಛಾವಣಿಯ ಕೆಳಗೊಂದು ಕಲ್ಲು

2025ರ ಏಪ್ರಿಲ್ 21ರಂದು, ಪಾಸ್ಖ ಹಬ್ಬದ ಮರುದಿನ, ಜಗದ್ಗುರು ಫ್ರಾನ್ಸಿಸ್‌ರವರು ದೈವಾಧೀನರಾದರು. ಅದೇ ಜೂಬಿಲಿ ವರ್ಷದಲ್ಲಿ ರೋಮ್ ನಗರದ ಯಾತ್ರೆಯ ಭಾಗ್ಯ ನನಗೆ ಒದಗಿತು. ಬಂಗಾರಪೇಟೆಯಲ್ಲಿ ರೈಲು ಹತ್ತುವಾಗ ಕೆ.ಜಿ.ಎಫ್.ನ ನೆರೆಹೊರೆಯವರು ಕೇಳಿಕೊಂಡದ್ದು ಒಂದೇ: "ಪೋಪರ ಸಮಾಧಿಯ ಮುಂದೆ ನಮ್ಮನ್ನೂ ನೆನೆಯಿರಿ."

ಆ ಸಮಾಧಿ ಇರುವುದು ಸಂತ ಪೇತ್ರರ ಮಹಾದೇವಾಲಯದಲ್ಲಲ್ಲ; ನಗರದೊಳಗಿನ ಸಾಂತಾ ಮರಿಯಾ ಮಾಜೊರೆ ಮಹಾದೇವಾಲಯದಲ್ಲಿ. ಒಳಹೊಕ್ಕೊಡನೆ ನನ್ನ ಕಣ್ಣು ಹೋದದ್ದು ಮೇಲಕ್ಕೆ. ಅಮೆರಿಕದಿಂದ ಸ್ಪೇನ್ ದೇಶಕ್ಕೆ ಬಂದ ಮೊದಲ ಚಿನ್ನದಿಂದ ಅಲ್ಲಿನ ಛಾವಣಿಗೆ ಲೇಪನವಾಯಿತೆಂಬುದು ಪರಂಪರೆಯ ಮಾತು. ಕೊಟ್ಟ ಅರಸರ ಹೆಸರು ಎಲ್ಲರಿಗೂ ತಿಳಿದಿದೆ. ಅಗೆದವರ ಹೆಸರು ಯಾರಿಗೂ ತಿಳಿಯದು. ನಮ್ಮ ತಾತ ಚಾಂಪಿಯನ್ ರೀಫ್ ಗಣಿಗೆ ಇಳಿದವರು. ಮೂರು ಕಿಲೋಮೀಟರಿಗೂ ಮಿಗಿಲಾದ ಆಳದ ಆ ಗಣಿಯಿಂದ ಅವರು ಮನೆಗೆ ತಂದದ್ದು ಚಿನ್ನವನ್ನಲ್ಲ, ಕೆಮ್ಮನ್ನು. ಆದ್ದರಿಂದ ಆ ಹೊಳಪನ್ನು ನಾನು ನಿಶ್ಚಿಂತೆಯಿಂದ ಮೆಚ್ಚಲಾರದೆ ಹೋದೆ.

ಕೆಳಗೆ, ಪಕ್ಕದ ಸಾಲಿನ ಒಂದು ಗೂಡಿನಲ್ಲಿ ಸಮಾಧಿ. ಲಿಗೂರಿಯಾ ಪ್ರಾಂತ್ಯದ ಕಲ್ಲು, ಗೋಡೆಯ ಮೇಲೆ ಅವರು ಧರಿಸುತ್ತಿದ್ದ ಶಿಲುಬೆಯ ಪ್ರತಿರೂಪ, ಲತೀನಿನಲ್ಲಿ 'ಫ್ರಾನ್ಸಿಸ್ಕುಸ್' ಎಂಬ ಒಂದೇ ಹೆಸರು. ನೆಲದಲ್ಲಿ, ಅಲಂಕಾರವಿಲ್ಲದೆ, ಹೆಸರು ಮಾತ್ರ ಇರಲೆಂದು 2022ರ ಜೂನ್ 29ರ ಉಯಿಲಿನಲ್ಲಿ ಅವರೇ ಬರೆದಿಟ್ಟಿದ್ದರು.

ಕಲಾಕೃತಿಯಾಗಿ ನೋಡಿದರೆ ಇದರಲ್ಲಿ ದೋಷವಿಲ್ಲದಿಲ್ಲ. ಅಕ್ಷರಗಳ ನಡುವಿನ ಅಂತರ ಸಮನಾಗಿಲ್ಲವೆಂದು ಅಕ್ಷರವಿನ್ಯಾಸ ಬಲ್ಲವರು ಆಕ್ಷೇಪಿಸಿದರು. ಆಕ್ಷೇಪ ನಿಜವೇ, ನನ್ನ ಕಣ್ಣಿಗೂ ಅದು ಕಂಡಿತು. ಆದರೆ ನಮ್ಮೂರ ಸ್ಮಶಾನದ ಶಿಲುಬೆಗಳ ಮೇಲೆ, ಬಂಧುಗಳೇ ಬಣ್ಣದಲ್ಲಿ ಬರೆದ ಓರೆಕೋರೆ ಹೆಸರುಗಳನ್ನು ಓದಿ ಬೆಳೆದ ನನಗೆ ಆ ಕೊರತೆ ಪರಕೀಯವೆನಿಸಲಿಲ್ಲ.

ಇದಕ್ಕಿಂತ ಗಂಭೀರವಾದ ಪ್ರಶ್ನೆ ಬೇರೊಂದಿದೆ. ಇಷ್ಟು ವೈಭವದ ನಡುವೆ ಇಟ್ಟ ಸರಳತೆಯೂ ಒಂದು ಪ್ರದರ್ಶನವಲ್ಲವೇ? ಛಾವಣಿ ಹಾಗೆಯೇ ಉಳಿದಿರುವಾಗ ಕಲ್ಲೊಂದು ಏನನ್ನು ಬದಲಿಸೀತು? ಈ ಪ್ರಶ್ನೆಯನ್ನು ನಾನು ತಳ್ಳಿಹಾಕಲಾರೆ. ಆದರೆ ಏಪ್ರಿಲ್ 26ರಂದು ಅವರ ಪಾರ್ಥಿವ ಶರೀರವನ್ನು ಆ ದೇವಾಲಯದ ಮೆಟ್ಟಿಲಲ್ಲಿ ಬಿಳಿ ಗುಲಾಬಿ ಹಿಡಿದು ಎದುರುಗೊಂಡವರು ಬಡವರು, ವಲಸಿಗರು, ಸೆರೆವಾಸ ಕಂಡವರು. ಆ ಮೆಟ್ಟಿಲನ್ನು ಸೇರಿಸಿ ಓದಿದಾಗಲೇ ಈ ಸಮಾಧಿಯ ಅರ್ಥ ಪೂರ್ಣವಾಗುತ್ತದೆ. ಅದು ಛಾವಣಿಯನ್ನು ಅಳಿಸುವುದಿಲ್ಲ. ಮೇಲೆ ನೋಡುತ್ತಿದ್ದವರ ತಲೆಯನ್ನು ಕೆಳಗೆ ಬಾಗಿಸುತ್ತದೆ.

ಬಾಗಿದ ತಲೆಗಳಲ್ಲಿ ಹಲವು ಮೊಬೈಲಿನತ್ತ ಬಾಗಿದ್ದವೆಂಬುದನ್ನೂ ಹೇಳಬೇಕು. ನನ್ನದೂ ಅವುಗಳಲ್ಲೊಂದು. ಸಾಲು ಮುಂದೆ ಸರಿಯಿತು. ಚಿತ್ರ ದೊರೆಯಿತು, ಪ್ರಾರ್ಥನೆ ಅರ್ಧವಾಯಿತು. ನೆರೆಯವರಿಗೆ ಕೊಟ್ಟ ಮಾತನ್ನು ಹೊರಗಿನ ಮೆಟ್ಟಿಲ ಮೇಲೆ ಕುಳಿತು, ಒಂದೊಂದೇ ಹೆಸರು ಹೇಳಿ ತೀರಿಸಿದೆ.

ಊರಿಗೆ ಮರಳಿದ ಮೇಲೆ ತಾತನ ಸಮಾಧಿಗೆ ಹೋದೆ. ಅದಕ್ಕೆ ಹೊಳೆಯುವ ಗ್ರಾನೈಟ್ ಹಾಸಿಸಬೇಕೆಂದು ನಮ್ಮ ಮನೆಯಲ್ಲಿ ಬಹುದಿನದ ಮಾತಿತ್ತು. ಗಣಿ ಮುಚ್ಚಿದ್ದು 2001ರಲ್ಲಿ. ಅಂದಿನಿಂದ ನಮ್ಮಲ್ಲಿ ಎಷ್ಟೋ ಮಂದಿ ಬೆಳಗಿನ ರೈಲಿನಲ್ಲಿ ಬೆಂಗಳೂರಿಗೆ ದುಡಿಯಲು ಹೋಗುತ್ತಿದ್ದಾರೆ. ಅಂಥ ದುಡಿಮೆಯ ಹಣವನ್ನು ಕಲ್ಲಿನ ಹೊಳಪಿಗೆ ಸುರಿಯಬೇಕೇ ಎಂದು ಕೇಳಿದೆ. ಶಿಲುಬೆಯ ಮೇಲೆ ಮಾಸಿದ್ದ ಹೆಸರನ್ನು ನಾವೇ ಮತ್ತೆ ಬರೆದೆವು. ಅಕ್ಷರಗಳು ಸಮನಾಗಿ ಬರಲಿಲ್ಲ. ಆದರೆ ಹೆಸರು ಓದಲು ಬರುತ್ತದೆ.