ಕಣಿವೆ ಯಾರದು, ದಾರಿ ಯಾರಿಗೆ?

ಎಡ್ವರ್ಡ್ ಆಬಿಯ ‘ಡೆಸರ್ಟ್ ಸಾಲಿಟೇರ್’ ಪರಿಸರವಾದಿಗಳು ತಲೆ ಮೇಲೆ ಹೊತ್ತು ಮೆರೆಸುವ ಪುಸ್ತಕ. 1968ರಲ್ಲಿ ಬಂತು. ಅಮೆರಿಕದ ಯೂಟಾ ರಾಜ್ಯದ ಆರ್ಚಸ್‌ನಲ್ಲಿ ತಾನು ರೇಂಜರ್ ಆಗಿದ್ದ ದಿನಗಳನ್ನು ಆಬಿ ಅದರಲ್ಲಿ ಬರೆದಿದ್ದಾನೆ. ರಾಷ್ಟ್ರೀಯ ಉದ್ಯಾನಗಳೊಳಕ್ಕೆ ಕಾರು ಬಿಡಬೇಡಿ, ಜನ ನಡೆದು ಬರಲಿ, ಕುದುರೆ ಹತ್ತಿ ಬರಲಿ, ಸೈಕಲ್ ತುಳಿದು ಬರಲಿ ಅನ್ನೋದು ಅವನ ವಾದ. ರಸ್ತೆ ಹಾಕಿ ನಿಸರ್ಗವನ್ನು ಮಾರುವ ದಂಧೆಯನ್ನು ಅವನು ಝಾಡಿಸುವ ರೀತಿ ನಮಗೂ ಇಷ್ಟವೇ. ಆದರೆ ಈ ಪುಸ್ತಕಕ್ಕೆ ಒಂದು ಕಣ್ಣು ಕುರುಡು. ಅದು ತಿಳಿಯಬೇಕಾದರೆ ಅದೇ ಯೂಟಾದ ಇನ್ನೊಂದು ಕಣಿವೆಯ ಜಗಳವನ್ನು ನೋಡಬೇಕು.

ಬ್ಲಾಂಡಿಂಗ್ ಊರಿನ ಹತ್ತಿರ ರೀಕ್ಯಾಪ್ಚರ್ ಕಣಿವೆ ಇದೆ. ಪ್ಯೂಬ್ಲೊ ಜನರ ಪೂರ್ವಜರು ಬಾಳಿದ ನೆಲೆಗಳು ಅಲ್ಲಿವೆ. ರಸ್ತೆ ಬಿಟ್ಟು ಕಲ್ಲುಮಣ್ಣಿನ ಮೇಲೆ ಗಾಡಿ ಓಡಿಸುವ ಶೋಕಿಯವರು ಅನುಮತಿ ಇಲ್ಲದೆ ಅಲ್ಲಿ ದಾರಿ ಕಡಿದರು. ಹಳೆಯ ನೆಲೆಗಳು ಹಾಳಾದವು. 2007ರಲ್ಲಿ ಕೇಂದ್ರ ಸರ್ಕಾರದ ಭೂ ಇಲಾಖೆ ಅಲ್ಲಿಗೆ ಎಂಜಿನ್ ಗಾಡಿ ಬರಕೂಡದು ಎಂದಿತು. ನಡೆದು ಹೋಗುವವರಿಗೆ, ಕುದುರೆಯವರಿಗೆ ತಡೆ ಇರಲಿಲ್ಲ. ಆದರೂ 2014ರ ಮೇ 10ರಂದು ಸ್ಯಾನ್ ವಾನ್ ಕೌಂಟಿಯ ಕಮಿಷನರ್ ಫಿಲ್ ಲೈಮನ್ ಮುಂದಾಳತ್ವದಲ್ಲಿ ಗಾಡಿಗಳ ಮೆರವಣಿಗೆ ಕಣಿವೆಗೆ ಹೊರಟಿತು. ಇದು ಸಾರ್ವಜನಿಕ ನೆಲ, ಒಳಗೆ ಹೋಗೋದು ನಮ್ಮ ಹಕ್ಕು ಎಂಬುದು ಅವರ ಮಾತು. 2015ರಲ್ಲಿ ಲೈಮನ್‌ಗೆ ಹತ್ತು ದಿನ ಜೈಲುಶಿಕ್ಷೆ ಆಯಿತು. 2020ರ ಡಿಸೆಂಬರಿನಲ್ಲಿ ಅಧ್ಯಕ್ಷ ಟ್ರಂಪ್ ಕ್ಷಮಾದಾನ ಕೊಟ್ಟರು.

‘ಸಾರ್ವಜನಿಕ’ ಅನ್ನೋ ಮಾತಿನ ಬೆಲೆ ನಮಗೆ ಗೊತ್ತು. ಸಾರ್ವಜನಿಕ ಕೆರೆ ಬಾವಿಗಳು ಅಸ್ಪೃಶ್ಯರಿಗೂ ತೆರೆದಿರಬೇಕೆಂದು 1923ರಲ್ಲೇ ಮುಂಬಯಿ ಶಾಸನಸಭೆ ಠರಾವು ಮಾಡಿತ್ತು. ಆದರೂ ಮಹಾಡ್‌ನ ಚವದಾರ್ ಕೆರೆಯ ನೀರು ಮುಟ್ಟಲು 1927ರ ಮಾರ್ಚ್ 20ರಂದು ಬಾಬಾಸಾಹೇಬರು ಜನರನ್ನು ಕಟ್ಟಿಕೊಂಡು ನಡೆಯಬೇಕಾಯಿತು. ನೀರು ಕುಡಿದ ಜನಕ್ಕೆ ಸವರ್ಣೀಯರು ಕೊಟ್ಟದ್ದು ದೊಣ್ಣೆ ಏಟು. ಮಹಾಡ್‌ನಲ್ಲಿ ತಡೆದದ್ದು ಮನುಷ್ಯನನ್ನು. ರೀಕ್ಯಾಪ್ಚರ್‌ನಲ್ಲಿ ತಡೆದದ್ದು ಮನುಷ್ಯನ ಗಾಡಿಯನ್ನು. ಎರಡನ್ನೂ ಒಂದೇ ತಕ್ಕಡಿಗೆ ಹಾಕೋದನ್ನು ನಾವು ಒಪ್ಪುವುದಿಲ್ಲ. ಕೆರೆಗೆ ಇಳಿಯುವ ಹಕ್ಕಿನಲ್ಲಿ ಕೆರೆ ಕೆಡಿಸೋ ಹಕ್ಕು ಸೇರಿಲ್ಲ.

ಇನ್ನೊಂದು ಮಾತು. ಆ ಕೌಂಟಿಯ ಜನರಲ್ಲಿ ಹೆಚ್ಚುಕಮ್ಮಿ ಅರ್ಧ ಮೂಲನಿವಾಸಿಗಳು, ಅದರಲ್ಲೂ ನವಾಹೊ ಜನ. ಮೂವರು ಕಮಿಷನರುಗಳಲ್ಲಿ ಅವರಿಗೆ ಇದ್ದದ್ದು ಒಂದೇ ಕುರ್ಚಿ. ಕೋರ್ಟು ಕ್ಷೇತ್ರಗಳನ್ನು ಹೊಸದಾಗಿ ಹಂಚಿಸಿದ ಮೇಲೆ, 2018ರ ಚುನಾವಣೆಯಲ್ಲಿ, ಮೊದಲ ಸಲ ಎರಡು ಕುರ್ಚಿ ಸಿಕ್ಕವು. ಅಂದಮೇಲೆ 2014ರಲ್ಲಿ ‘ಜನರ ಹಕ್ಕು’ ಎಂದು ಕೂಗಿದಾಗ ಆ ಜನ ಯಾರು? ಊರೊಟ್ಟಿನ ತೀರ್ಮಾನ ಅಂತ ಹೇಳಿ ಕೇರಿಯವರನ್ನು ಕೇಳದೇ ಇರೋದು ನಾವು ಕಾಣದ ಸಂಗತಿಯೇ?

ಈಗ ಆಬಿಗೆ ಬರೋಣ. ಗಾಡಿಯವರಿಗೆ ಮರುಭೂಮಿ ಆಟದ ಬಯಲು, ಆಬಿಗೆ ಒಂಟಿತನದ ಗುಡಿ. ಇಬ್ಬರಿಗೂ ಅದು ಇನ್ನೊಬ್ಬರ ಮನೆ ಎಂದು ಮೊದಲಿಗೆ ತೋಚುವುದಿಲ್ಲ. ಮುದುಕರು, ಕಾಯಿಲೆಯವರು ಕಾರಿಲ್ಲದೆ ಹೇಗೆ ಬರಬೇಕು ಎಂದರೆ ಆಬಿ ಮೊದಲು ಗೇಲಿ ಮಾಡುತ್ತಾನೆ, ಆಮೇಲೆ ಒಲ್ಲದ ಮನಸ್ಸಿನಿಂದ ಬಸ್ಸು ಕೊಡುತ್ತಾನೆ. ಮುಂದೆ 1980ರ ದಶಕದಲ್ಲಿ ಲ್ಯಾಟಿನ್ ಅಮೆರಿಕದ ಬಡವರು ತನ್ನ ದೇಶದೊಳಗೆ ಬರೋದನ್ನೇ ವಿರೋಧಿಸಿ ಬರೆದ. ಒಂಟಿತನದ ಹಂಬಲ ಬೇಲಿ ಹಾಕುವ ಹಂಬಲವಾಗಲು ಬಹಳ ಹೊತ್ತು ಬೇಕಾಗಲಿಲ್ಲ. ಅಲ್ಲಿ ಅವನ ಬಂಡಾಯ ಮುಗಿಯಿತು.

ಗಾಡಿಯವರ ವಾದದಲ್ಲೂ ಒಂದು ನಿಜವಿದೆ. ನಡೆಯಲಾರದವರಿಗೂ ಕಣಿವೆ ನೋಡುವ ಆಸೆ ಇರುತ್ತದೆ. ವಾರವೆಲ್ಲ ದುಡಿದವನಿಗೆ ಒಂದು ದಿನದ ಖುಷಿ ಬೇಕು. ಅದಕ್ಕೆ ಬಸ್ಸು ಬಿಡಲಿ, ಕಣಿವೆಯ ಅಂಚಿನವರೆಗೆ ರಸ್ತೆ ಮಾಡಲಿ, ಗಾಡಿ ಓಟಕ್ಕೆ ಬೇರೆ ನೆಲ ಗುರುತಿಸಲಿ. ಯಾವ ದಾರಿ ಗಾಡಿಗೆ, ಯಾವುದು ಬೇಡ ಎಂದು ಗುರುತಿಸಿ ಅಂತ ಅಧ್ಯಕ್ಷ ನಿಕ್ಸನ್ 1972ರಲ್ಲೇ ಆದೇಶ ಹೊರಡಿಸಿದ್ದರು. ಆದರೆ ಆ ಗುರುತು ಹಾಕುವಾಗ, ಯಾರ ಹಿರಿಯರು ಆ ಮಣ್ಣಿನಲ್ಲಿದ್ದಾರೋ ಅವರು ಮೊದಲು ಕೂರಬೇಕು.

ಮನೆಯಲ್ಲಿ ಮೊದಲ ಸಲ ಕಾಲೇಜು ಮೆಟ್ಟಿಲು ಹತ್ತಿದ ನಮ್ಮಂಥವರು ಆಬಿಯನ್ನು ಓದಬೇಕು, ಆದರೆ ಕೈಮುಗಿದು ಓದಬೇಕಾಗಿಲ್ಲ. ಒಂದು ನೆಲಕ್ಕೆ ‘ಸಾರ್ವಜನಿಕ’ ಎಂದು ಬೋರ್ಡು ಬಿದ್ದಾಗ, ಬೋರ್ಡಿಗೆ ಮುಂಚೆ ಅಲ್ಲಿ ಯಾರಿದ್ದರು, ಅವರನ್ನು ಕೇಳಿದರೋ ಇಲ್ಲವೋ ಅಂತ ಕೇಳೋದು ವಿಮರ್ಶೆಯ ಮೊದಲ ಕೆಲಸ.